ಅಮ್ಮನ ಬೋರ್ಡಿಗೆ ಚೆಂಡುಹೂವಿನ ಹಾರ

ಆಗೆಲ್ಲ ನಮ್ಮ ಮನೆಯಲ್ಲಿ ಕೋರ್ಟು ಸೇರುತ್ತಿದ್ದದ್ದು ಅಡುಗೆಮನೆಯಲ್ಲಿ. ಒಲೆಯ ಪಕ್ಕದ ಮರದ ಸ್ಟೂಲು ಅಜ್ಜಿಯದು; ಅಲ್ಲಿ ಕೂತಳೆಂದರೆ ಅವಳೇ ಜ್ಯೂರಿ, ತೀರ್ಪು ಹೇಳುವವಳು. ಅಮ್ಮ ಕೌಂಟಿಯ, ಎಂದರೆ ಇಲ್ಲಿನ ಜಿಲ್ಲೆಯ, ಸರಕಾರಿ ವಕೀಲೆ. ಧಾರವಾಡದಲ್ಲಿ ಕಾನೂನು ಓದಿ, ಮದುವೆಯಾಗಿ ಕಡಲು ದಾಟಿ ಬೇ ಏರಿಯಾಕ್ಕೆ ಬಂದು, ನನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಮತ್ತೊಮ್ಮೆ ಓದಿ ಪಾಸಾದವಳು. ದೊಡ್ಡ ಕೇಸಿನ ಕೊನೆಯ ವಾದದ ಹಿಂದಿನ ದಿನ ಅದನ್ನು ತನ್ನ ತಾಯಿಯೆದುರು, ಅಂದರೆ ಅಜ್ಜಿಯೆದುರು, ಕನ್ನಡದಲ್ಲಿ ಹೇಳಿ ನೋಡುತ್ತಿದ್ದಳು. ಇಂಗ್ಲಿಷ್ ಬಾರದ ಅಜ್ಜಿಗೆ ತಿಳಿದರೆ ಯಾರಿಗಾದರೂ ತಿಳಿಯುತ್ತದೆ ಎಂದು ಅವಳ ನಂಬಿಕೆ. ಅಜ್ಜಿ ಹೇವರ್ಡಿನ ಗ್ರೋಸರಿಯಿಂದ ತರಿಸಿದ ಚುರುಮುರಿಗೆ ಒಗ್ಗರಣೆ ಹಾಕುತ್ತ ಎಲ್ಲ ಕೇಳಿ, ಕೊನೆಗೆ ಆರೋಪಿಯ ಬಗ್ಗೆ ಒಂದೇ ಪ್ರಶ್ನೆ ಕೇಳುತ್ತಿದ್ದಳು:

"ಅದೆಲ್ಲಾ ಖರೇ. ಅವನ ಅವ್ವ ಬಂದಿದ್ಲೇನ ಕೋರ್ಟಿಗೆ?"

"ಯವ್ವಾ, ಸಾಕ್ಷಿ ಹೆಂಗಿತ್ತು ಅಂತ ಕೇಳ ಬೇ!"

"ಸಾಕ್ಷಿ ನೀ ನೋಡಿಕೋ. ನಾ ಅವರವ್ವನ್ನ ಕೇಳಾಕತ್ತೀನಿ."

ನನಗೆ ಒಂಬತ್ತು ವರ್ಷವಾದಾಗ ಅಮ್ಮ ಡಿಸ್ಟ್ರಿಕ್ಟ್ ಅಟಾರ್ನಿ ಚುನಾವಣೆಗೆ ನಿಂತಳು. ಇಲ್ಲಿ ಕೌಂಟಿಯ ಸರಕಾರಿ ವಕೀಲರಿಗೆಲ್ಲ ಮುಖ್ಯಸ್ಥರಾಗಬೇಕಾದರೆ ಜನರ ಓಟು ಬೇಕು. ಅಪ್ಪ ಮೆನ್ಲೋ ಪಾರ್ಕಿನ ಆಫೀಸಿನಿಂದ ಬಂದವನೇ ಪ್ರಚಾರದ ಬೋರ್ಡು ನೆಡಲು ಓಡುತ್ತಿದ್ದ. ಗರಾಜಿನ ತುಂಬ ಅಂಕಲ್-ಆಂಟಿಯರ ಗದ್ದಲ. ನನಗಂತೂ ಹಬ್ಬ, ಮೇಜಿನ ಕೆಳಗೆ ಗೊಂಬೆಗಳನ್ನು ಕೂರಿಸಿ, ಲಟ್ಟಣಿಗೆ ಕುಟ್ಟಿ, ಸಿಕ್ಕ ಸಿಕ್ಕವರಿಗೆಲ್ಲ ಜೈಲು ಕೊಡುತ್ತಿದ್ದೆ.

ಅಜ್ಜಿಗೆ ಮಾತ್ರ ಈ ಚುನಾವಣೆ ಕಂಡರಾಗುತ್ತಿರಲಿಲ್ಲ. ಜೈಲಿಗೆ ಹೋದವರ ಮನೆಯವರ ಕಣ್ಣೀರು ಮಗಳಿಗೆ ತಟ್ಟುತ್ತದೆ ಎಂಬ ಭಯ ಅವಳಿಗೆ. "ಸಣ್ಣ ವಕೀಲಕಿ ಆಗಿದ್ದೀ, ಅಷ್ಟ ಸಾಕು. ದೊಡ್ಡಾಕಿ ಆದ್ರ ಶಾಪಾನೂ ದೊಡ್ಡದು," ಎನ್ನುತ್ತಿದ್ದಳು.

ಅಜ್ಜಿಯ ದಿನ ಶುರುವಾಗುತ್ತಿದ್ದದ್ದು ಹಿತ್ತಲಿನ ಚೆಂಡುಹೂವಿನಿಂದ. ಹೂ ಪೋಣಿಸಿ, ಗೋಡೆಯ ಮೇಲಿನ ಅಜ್ಜನ ಫೋಟೊಕ್ಕೆ ಹಾಕಿ, ಕೈಮುಗಿದು, ಆಮೇಲೆ ಚಹಾ. ನನಗೂ ಸೂಜಿ ದಾರ ಕೊಟ್ಟು ಪೋಣಿಸಲು ಕಲಿಸಿದ್ದಳು. ಶಾಲೆಯಲ್ಲೂ ನನ್ನ ಬೆರಳಿಗೆ ಅದರದೇ ಘಾಟು. ಅಜ್ಜ ತೀರಿಕೊಂಡದ್ದು ನಾನು ಹುಟ್ಟುವ ಮುಂಚೆ. ಫೋಟೊಕ್ಕೆ ಹಾರ ಏಕೆ ಎಂದು ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಓಟಿಗೆ ಸ್ವಲ್ಪ ದಿನ ಇರುವಾಗ, ಒಂದು ಸಂಜೆ ಲೈಬ್ರರಿಯಲ್ಲಿ ಅಮ್ಮನಿಗೂ ಎದುರಾಳಿಗೂ ಚರ್ಚೆ ಇತ್ತು. ಅವತ್ತು ಶಾಲೆಯಿಂದ ಬಂದವಳೇ ನಾನು ಉದ್ದನೆಯ ಹಾರ ಮಾಡಿ, ಮನೆ ಮುಂದಿನ ಹುಲ್ಲಿನಲ್ಲಿ ನಿಲ್ಲಿಸಿದ್ದ ಅಮ್ಮನ ಫೋಟೊ ಬೋರ್ಡಿಗೆ ಹಾಕಿದೆ. ಬಲು ಚೆನ್ನಾಗಿ ಕಂಡಿತು. ಊದಿನಕಡ್ಡಿಯನ್ನೂ ಹಚ್ಚುತ್ತಿದ್ದೆ, ಪುಣ್ಯಕ್ಕೆ ಬೆಂಕಿಪೊಟ್ಟಣ ಸಿಗಲಿಲ್ಲ.

ಅಜ್ಜಿ ಚೀರಿದ್ದಕ್ಕೆ ಎದುರುಮನೆಯವರೂ ಹೊರಗೆ ಬಂದರು.

"ಅಯ್ಯಯ್ಯ ಶಿವನೇ! ಜೀವ ಇದ್ದಾಕಿ ಫೋಟೊಕ್ಕ ಹಾರ ಹಾಕ್ತಾರೇನ! ಸತ್ತವರಿಗೆ ಹಾಕೂದ ಅದು!"

ಅಮ್ಮನನ್ನು ನಾನೇ ಸಾಯಿಸಿಬಿಟ್ಟೆನೇನೋ ಎಂದು ಬಿಕ್ಕಿ ಬಿಕ್ಕಿ ಅತ್ತೆ. ಅಷ್ಟರಲ್ಲಿ ಕಾರಿನಿಂದ ಇಳಿದ ಅಮ್ಮನ ಕೈಯನ್ನು ಅಜ್ಜಿ ಗಟ್ಟಿಯಾಗಿ ಹಿಡಿದುಕೊಂಡಳು.

"ದೇವರು ಕೂಸಿನ ಕೈಲೆ ತೋರಿಸ್ಯಾನ. ಇವತ್ತ ಹೋಗಬ್ಯಾಡ. ಈ ಚುನಾವಣಿನ ಬಿಟ್ಟುಬಿಡು. ನನ್ನ ಮ್ಯಾಲ ಆಣಿ!"

ಅಜ್ಜಿ ಆಣೆಯಿಟ್ಟರೆ ಅಮ್ಮ ಮೀರಿದವಳಲ್ಲ. ಬೋರ್ಡಿನಿಂದ ಹಾರವನ್ನು ಬಿಡಿಸಿ ಕೈಗೆ ತೆಗೆದುಕೊಂಡಳು. ಆಮೇಲೆ "ಒಳಗ ಬಾರವ್ವ" ಎಂದು ಅಜ್ಜಿಯನ್ನು ಕರೆದೊಯ್ದು ಸ್ಟೂಲಿನ ಮೇಲೆ ಕೂರಿಸಿ, ನನ್ನನ್ನು ಎದುರಿಗೆ ನಿಲ್ಲಿಸಿದಳು.

"ಯವ್ವಾ, ಇಷ್ಟು ವರ್ಷ ಆರೋಪ ಹೊರಿಸೂದ ನನ್ನ ಕೆಲಸ ಆಗಿತ್ತು. ಇವತ್ತ ಈಕಿ ಪರ ನಿಂತೀನಿ." ನನ್ನ ಕಡೆ ತಿರುಗಿದಳು. "ಹೇಳು ಪುಟ್ಟಿ, ಹಾರ ಯಾಕ ಹಾಕಿದಿ?"

ಆಗ ನನ್ನ ಕನ್ನಡ ಅಷ್ಟಕ್ಕಷ್ಟೇ. "ಅಜ್ಜಿ ಅಜ್ಜಂಗೆ ಎವ್ರಿಡೇ ಹಾಕ್ತಾಳೆ. ಬಿಕಾಸ್ ಶೀ ಲವ್ಸ್ ಹಿಮ್. ಅಮ್ಮಂಗೆ ಯಾರೂ ಹಾಕಲ್ಲ," ಎಂದೆ.

ಅಮ್ಮ ಹಾರವನ್ನು ಅಜ್ಜಿಯ ಕೈಗಿಟ್ಟು ಹೇಳಿದಳು: "ನೀ ಯಾವಾಗ್ಲೂ ಕೇಳ್ತಿದ್ದಿ, ಅವ್ವ ಬಂದಿದ್ಲೇನಂತ. ಈ ಹುಡುಗಿ ಅವ್ವ ಬಂದಾಳ ನೋಡು. ಅವ್ವನ ಅವ್ವಾನೂ ಇಲ್ಲೇ ಕೂತಾಳ. ಇದು ಶಾಪ ಅಲ್ಲ ಬೇ, ಪ್ರೀತಿ. ಇನ್ನ ತೀರ್ಪು ನೀನ ಹೇಳು."

ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಹಾರದ ದಾರ ಕಿತ್ತು, ಹೂಗಳನ್ನು ಮಡಿಲಿಗೆ ಸುರಿದುಕೊಂಡು, ಒಂದನ್ನು ಅಮ್ಮನ ತುರುಬಿಗೆ, ಒಂದನ್ನು ನನ್ನ ಜುಟ್ಟಿಗೆ ಸಿಕ್ಕಿಸಿದಳು. "ಆಣಿ ಹಿಂದಕ್ಕ ತಗೊಂಡೆ. ಹೋಗಿ ಬಾ," ಎಂದಳು. ಅಮ್ಮ ಹೊರಡುವ ಮುಂಚೆ ಅಜ್ಜಿ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದ್ದರಿಂದ, ಸ್ಮೋಕ್ ಅಲಾರಂ ಹೊಡೆದುಕೊಂಡು ಎಲ್ಲರೂ ಕೆಮ್ಮುತ್ತ ಅಂಗಳಕ್ಕೆ ಓಡಿದೆವೆನ್ನಿ. ಅಮ್ಮ ಚೆಂಡುಹೂ ಮುಡಿದೇ ಚರ್ಚೆಗೆ ಹೋದಳು.

ಗೆದ್ದಳು. ಬಹಳ ವರ್ಷ ಆ ಕುರ್ಚಿಯಲ್ಲಿದ್ದಳು. ಹೊಗಳಿಸಿಕೊಂಡಳು, ಬೈಸಿಕೊಂಡಳು, ಈಗ ನಿವೃತ್ತಳು. ನಾನೂ ವಕೀಲೆಯಾದೆ, ಆದರೆ ಆರೋಪಿಗಳ ಪರ. ಕೊನೆಯ ವಾದದ ಹಿಂದಿನ ದಿನ ಅಮ್ಮನ ಮನೆಗೆ ಹೋಗಿ, ಅವಳನ್ನು ಅದೇ ಸ್ಟೂಲಿನ ಮೇಲೆ ಕೂರಿಸಿ ಕನ್ನಡದಲ್ಲಿ ವಾದ ಹೇಳುತ್ತೇನೆ. ಎಲ್ಲ ಕೇಳಿ ಅವಳೂ "ಅವನ ಅವ್ವ ಬಂದಿದ್ಲೇನ?" ಎನ್ನುತ್ತಾಳೆ. ಪ್ರಶ್ನೆ ಅದೇ. ಆ ಒಗ್ಗರಣೆಯ ಘಮ ಇಲ್ಲ, ಆ ದನಿ ಇಲ್ಲ.

ಅಜ್ಜಿ ಈಗ ಗೋಡೆಯ ಮೇಲೆ, ಅಜ್ಜನ ಪಕ್ಕದಲ್ಲಿದ್ದಾಳೆ. ಹಿತ್ತಲಲ್ಲಿ ಚೆಂಡುಹೂ ಇನ್ನೂ ಬಿಡುತ್ತದೆ. ಹೋದಾಗಲೆಲ್ಲ ನಾನೇ ಕೂತು ಪೋಣಿಸುತ್ತೇನೆ, ಬೆರಳಿಗೆ ಅದೇ ಘಾಟು. ಹಾಕುವುದು ಮಾತ್ರ ಅಮ್ಮ. ಅಜ್ಜಿಯ ಫೋಟೊಕ್ಕೆ ಹಾರ ಹಾಕಲು ನನಗೆ ಇವತ್ತಿಗೂ ಕೈ ಏಳುವುದಿಲ್ಲ.