ಶಾಲಿನೊಳಗ ಸಿಕ್ಕೊಂಡ ಎಡಗೈ

ನನ್ನ ಮಗಳಿಗೆ ಸೆರೆಬ್ರಲ್ ಪಾಲ್ಸಿ. ಕಾಲು, ನಾಲಗಿ, ಬಲಗೈ ಅಕಿ ಮಾತ ಕೇಳಂಗಿಲ್ಲ. ತಲಿ ಮಾತ್ರ ನನಗಿಂತ ಚುರುಕ. ಎಡಗೈಲೆ ಮೊಬೈಲ್‌ನ್ಯಾಗ ಟೈಪ್ ಮಾಡ್ತಾಳ, ಮೊಬೈಲ್ ಅದನ್ನ ಜೋರಾಗಿ ಓದತೈತಿ. ಇಷ್ಟು ತಿಳಕೊಳ್ಳಾಕ ಯಾರಿಗೂ ಅರ್ಧಾ ದಿನದ ಕಾರ್ಯಕ್ರಮ ಬೇಕಾಗಿಲ್ಲ. ಆದ್ರೂ ಮುಂಬೈ ಸಯನ್‌ದಾಗ ನಮ್ಮ ಬಿಲ್ಡಿಂಗ್ ಹಿಂದಿನ ಕನ್ನಡ ಸಂಘದವರು ಜಾಗೃತಿ ಕಾರ್ಯಕ್ರಮ ಇಟ್ಟರು. ಫಸ್ಟ್ ಫ್ಲೋರ್‌ನ್ಯಾಗ. ಲಿಫ್ಟ್ ಇಲ್ಲ.

"ಟೆನ್ಶನ್ ತಗೋಬ್ಯಾಡ್ರಿ, ನಾವ್ ಎತ್ಕೊಂಡ್ ಹೋಗ್ತೀವಿ" ಅಂದ್ರು. ಗಣಪತಿ ತಂದಂಗ ಗಾಲಿಕುರ್ಚಿ ಎತ್ತಿದ್ರು. ನಡು ಮೆಟ್ಟಲದಾಗ ನಿಂತು ಫೋಟೋನೂ ತಗಸಿಕೊಂಡ್ರು.

ಮಗಳು ಬಂದಿದ್ದು ಒಂದ ಮಾತು ಹೇಳಾಕ. ಸಂಘದ ಕಂಪ್ಯೂಟರ್ ಕ್ಲಾಸೂ ಅಲ್ಲೇ ಮ್ಯಾಲ ನಡೀತಿತ್ತು, ಕೆಳಗಿನ ಖೋಲ್ಯಾಗ ಕ್ಯಾರಂ. ಅಕಿಗೆ ಆ ಕ್ಲಾಸಿಗೆ ಸೇರಬೇಕಿತ್ತು. ದಿನಾ ಎತ್ತಾಕ ಫೋಟೋದವರು ಬರ್ತಾರೇನು?

ಅಧ್ಯಕ್ಷರು ಉಡುಪಿ ಕಡೆಯವರು, ಹೋಟೆಲ್ ಮಾಲಕರು. ಮನಸ್ಸು ಒಳ್ಳೇದು, ಮೈಕ್ ಸಿಕ್ಕರ ಬಿಡಂಗಿಲ್ಲ. "ಇವರು ದೇವರ ಮಕ್ಕಳು ಮಾರ್ರೆ, ಇವರ ಧ್ವನಿ ನಾವು ಕೇಳ್ಬೇಕು" ಅಂತ ಹೇಳ್ಕೋತ ಹೇಳ್ಕೋತ ಊಟದ ಹೊತ್ತು ಮಾಡಿದ್ರು. ದೇವರ ಮಗಳಂದ್ರ ನಾ ಯಾರು ಅಂತ ಅಲ್ಲೇ ಕುಂತು ವಿಚಾರ ಮಾಡಿದೆ.

ಆಮ್ಯಾಲ ಸನ್ಮಾನ. ಕೂಸಿಗೆ ಸುತ್ತಿದಂಗ ಎರಡೂ ಕೈ ಒಳಗ ಹಾಕಿ ಶಾಲು ಬಿಗಿದ್ರು. ತೊಡಿ ಮ್ಯಾಲಿದ್ದ ಮೊಬೈಲ್ ಮ್ಯಾಲನ ಹಣ್ಣಿನ ಬುಟ್ಟಿ ಇಟ್ಟರು. ಚಪ್ಪಾಳಿ. ಧ್ವನಿ ಕೇಳಿದ್ದು ಮುಗೀತು.

"ಈಗ ತಂದೆಯವರಿಂದ ಎರಡು ಮಾತು" ಅಂತ ಮೈಕ್ ನನ್ನ ಕೈಗೆ ಬಂತು. ಮಗಳು ನನ್ನ ದುರುಗುಟ್ಟಿ ನೋಡಿದ್ಲು. ನಾ ಶಾಲು ಬಿಚ್ಚಾಕ ಹೋದೆ.

"ಛೇ ಛೇ, ಸನ್ಮಾನ ತೆಗೀಬಾರ್ದು. ಫೋಟೋ ಆಗ್ಲಿ!" ಅಂದ್ರು ಅಧ್ಯಕ್ಷರು.

ಅಷ್ಟರಾಗ ಅಕಿ ಶಾಲಿನೊಳಗಿಂದನ ಮೊಣಕೈಲೆ ಬುಟ್ಟಿ ದಬ್ಬಿದ್ಲು. ಮೋಸಂಬಿ ಮುಂದಿನ ಸಾಲಿನ ಕುರ್ಚಿ ಕೆಳಗ ಉರುಳಿದ್ವು.

"ಪಾಪ, ಕೈ ನಡಗೇತಿ" ಅಂದ್ಲು ಹಿಂದಿನಿಂದ ಒಬ್ಬಾಕಿ.

"ನಡಗಿಲ್ಲವ್ವಾ, ದಬ್ಯಾಳ" ಅಂದೆ.

ಶಾಲು ಸಡಲಿಸಿದೆ. ಅಕಿ ಒಂದೊಂದ ಅಕ್ಷರ ಒತ್ತೂತನಕ ಎಲ್ಲಾರೂ ಕಾದ್ರು. ಕೆಳಗಿಂದ ಸಾಂಬಾರ್ ವಾಸನಿ ಬರಾಕತ್ತಿತ್ತು, ಆದ್ರೂ ಕಾದ್ರು. ನಾ ಮೈಕ್ ಮೊಬೈಲಿಗೆ ಹಿಡಿದೆ.

"ಕ್ಲಾಸ್ ಕೆಳಗ ತರ್ರಿ. ನಾನೂ ಕಲೀಬೇಕು."

"ಕಮಿಟಿಯಲ್ಲಿ ಚರ್ಚೆ ಮಾಡುವ, ಮಗಾ" ಅಂದ್ರು ಅಧ್ಯಕ್ಷರು.

ಮತ್ತ ಕಾದ್ವಿ.

"ಕಮಿಟಿ ಎಲ್ಲಾ ಇಲ್ಲೇ ಕುಂತೈತಿ. ಈಗ ಮಾಡ್ರಿ."

ಜನ ಹೋ ಅಂತ ನಕ್ಕರು. ಹಸಿದ ಕಮಿಟಿ ಒಬ್ಬರ ಮುಖ ಒಬ್ಬರು ನೋಡಿ ಕೈ ಎತ್ತಿತು. "ಆಯ್ತು ಮಾರಾಯ್ತಿ, ತರುವ" ಅಂದ್ರು ಅಧ್ಯಕ್ಷರು.

ಮುಂದಿನ ವಾರ ಕಂಪ್ಯೂಟರ್ ಕೆಳಗ ಬಂದ್ವು, ಕ್ಯಾರಂ ಮ್ಯಾಲ ಹೋತು. "ದಿನಾ ಮೆಟ್ಟಲಾ ಹತ್ತೂದಂದ್ರ ನಮ್ಮ ಮೊಣಕಾಲಿನ ಗತಿ ಏನ್ರಿ?" ಅಂತ ಕ್ಯಾರಂ ಆಡಾವ್ರು ನನ್ನ ಜೋಡಿ ಜಗಳಕ್ಕ ಬಂದ್ರು. ಕಡೀಕೂ ಜಾಗೃತಿ ಆತಲ್ಲ ಅಂತ ಖುಷಿ ಆತು.

ಮೊದಲನೇ ಕ್ಲಾಸ್ ಮುಗಿಸಿ ಬಂದಾಕಿನ್ನ ಹೆಂಗಿತ್ತವಾ ಅಂತ ಕೇಳಿದೆ. ಎಡಗೈ ಆಡಿತು, ಮೊಬೈಲ್ ಹೇಳ್ತು:

"ಸರ್ ಭಾಳ ಸ್ಲೋ, ಪಪ್ಪಾ."