ಹತ್ತು ಅಡಿಯ ಅಡುಗೆಮನೆ

ನಾನು ಬಿಡಿಸಿದ ಮೊದಲ ಅಡುಗೆಮನೆ ನನ್ನ ಕಿರುಬೆರಳಿನ ಉಗುರಿನಷ್ಟಿತ್ತು. ಐವತ್ತೆರಡರ ವಯಸ್ಸಿನಲ್ಲಿ ಇದನ್ನು ಒಪ್ಪಿಕೊಳ್ಳುವುದು ಕಷ್ಟ, ಆದರೆ ಆ ಬೇಸಿಗೆಯಷ್ಟು ಹುರುಪಿನಿಂದ ನಾನು ಯಾವ ಬೇಸಿಗೆಯನ್ನೂ ಕಳೆದಿಲ್ಲ.

ಸಿಂದಗಿಯ ಹೈಸ್ಕೂಲೊಂದರಲ್ಲಿ ನಾನು ಕನ್ನಡ ಕಲಿಸುತ್ತೇನೆ. ಮನೆಯ ಹಿತ್ತಲಲ್ಲಿ ಹೊಸ ಅಡುಗೆಮನೆ ಕಟ್ಟಬೇಕೆಂದಾಗ, ಅದರ ನಕಾಶೆಯನ್ನು ಕಂಪ್ಯೂಟರಿನಲ್ಲಿ ನಾನೇ ಬಿಡಿಸುತ್ತೇನೆಂದು ಹಟ ಹಿಡಿದೆ. ಬಸ್‌ಸ್ಟ್ಯಾಂಡಿನ ಎದುರು ಶಿವಲೀಲಾ ಎಂಬ ಹುಡುಗಿ ನಕಾಶೆ ಬಿಡಿಸುವುದನ್ನು ಕಲಿಸುತ್ತಾಳೆ. ಎಂಟನೇ ತರಗತಿಯಲ್ಲಿ ನನ್ನ ಹತ್ತಿರವೇ ವ್ಯಾಕರಣ ಕಲಿತವಳು. ಈಗ ಅವಳು ಗುರು, ನಾನು ಶಿಷ್ಯೆ.

ಮೊದಲ ದಿನವೇ ಹತ್ತು ಎಂದು ಒತ್ತಿದೆ, ಹನ್ನೆರಡು ಎಂದು ಒತ್ತಿದೆ, ಪರದೆಯ ಮೇಲೆ ಚೆಂದದ ಆಯತ ಮೂಡಿತು. ಶಿವಲೀಲಾ ಬಗ್ಗಿ ನೋಡಿದಳು.

"ಟೀಚರ್, ಹತ್ತು ಏನ್ರಿ?"

"ಹತ್ತು ಅಂದ್ರ ಹತ್ತು."

"ಹತ್ತು ಅಡಿನೋ, ಹತ್ತು ಇಂಚೋ? ಇದು ಮಿಲಿಮೀಟರ್ ಅಂತ ತಿಳಕೊಂಡೈತ್ರಿ. ನಿಮ್ಮ ಅಡಗಿಮನಿ ಉಗುರಿನಷ್ಟ ಆಗೇತಿ."

ವಿಶೇಷ್ಯವಿಲ್ಲದ ವಿಶೇಷಣ ಬರೆದ ಮಕ್ಕಳ ಉತ್ತರಕ್ಕೆ ಕೆಂಪು ಗೆರೆ ಎಳೆಯುತ್ತ ಬಂದವಳು ನಾನು. ಬರೀ ಹತ್ತು ಎನ್ನುವುದು ಅರ್ಧ ಮಾತು ಎಂದು ನನಗೇ ಹೊಳೆದಿರಲಿಲ್ಲ. ನಮ್ಮ ಹಿರಿಯರು ಈ ತಪ್ಪು ಮಾಡುತ್ತಿರಲಿಲ್ಲ. ಹಗ್ಗವಾದರೆ ಮಾರು, ಬಟ್ಟೆಯಾದರೆ ಮೊಳ, ನೆಲವಾದರೆ ಗುಂಟೆ. ಏನನ್ನು ಅಳೆಯುತ್ತಿದ್ದಾರೆಂಬುದು ಅಳತೆಯ ಹೆಸರಿನಿಂದಲೇ ತಿಳಿಯುತ್ತಿತ್ತು. ಕಂಪ್ಯೂಟರಿಗೆ ಮೈಯಿಲ್ಲ, ಮೊಳಕೈಯೂ ಇಲ್ಲ; ನಾವೇ ಹೇಳಬೇಕು.

ಹತ್ತು ಅಡಿಗೆ ಮೂರು ಸಾವಿರದ ನಲವತ್ತೆಂಟು ಮಿಲಿಮೀಟರು. ಇದು ಗೊತ್ತಾದ ಮೇಲೆ ನನ್ನನ್ನು ಹಿಡಿಯುವವರೇ ಇರಲಿಲ್ಲ. ಅತ್ತೆಯ ಮಂಚ ಅಳೆದೆ, ತುಳಸಿಕಟ್ಟೆ ಅಳೆದೆ, ನನ್ನ ಎತ್ತರ ಸಾವಿರದ ಐನೂರ ಎಪ್ಪತ್ತೈದೆಂದು ಊಟಕ್ಕೆ ಕುಳಿತ ಯಜಮಾನರಿಗೆ ಹೇಳಿದೆ. ಅವರು ಸಾರು ಹಾಕು ಎಂದರು.

ಹದಿನೈದೇ ದಿನದಲ್ಲಿ ನಕಾಶೆ ಮುಗಿಯಿತು. ಆದರೆ ಅಳತೆ ಬರೆದಾಗ ಅಕ್ಷರಗಳೆಲ್ಲ ಗೋಡೆಯ ಪಕ್ಕದಲ್ಲಿ ಇರುವೆ ಹರಿದಂತೆ ಕಾಣುತ್ತಿದ್ದವು. ಇರುವೆ ಯಾಕೆ ಎಂದು ಅಷ್ಟನ್ನೂ ಅಳಿಸಿ, ಕೆಳಗೆ "ಒಂದಕ್ಕೆ ಐವತ್ತು" ಎಂದು ಪ್ರಮಾಣವನ್ನಷ್ಟೇ ದಪ್ಪಗೆ ಬರೆದೆ. ಕಾಗದದ ಒಂದು ಅಳತೆ ನೆಲದ ಮೇಲೆ ಐವತ್ತಾಗಬೇಕು. ಗೋಡೆ ಕಟ್ಟುವ, ಲೆಕ್ಕ ಬಲ್ಲ ಗೌಂಡಿಗೆ ಅಷ್ಟು ಸಾಕು ಎಂದುಕೊಂಡೆ. ಶಿವಲೀಲಾ ಬಸವನ ಬಾಗೇವಾಡಿಗೆ ಮದುವೆಗೆ ಹೋಗಿದ್ದಳು. ನನಗೆ ತಾಳ್ಮೆಯಿಲ್ಲ. ಝೆರಾಕ್ಸ್ ಅಂಗಡಿಗೆ ಹೋದೆ. ಅಲ್ಲಿ ದೊಡ್ಡ ಹಾಳೆ ಇರಲಿಲ್ಲ. "ಸಣ್ಣ ಹಾಳ್ಯಾಗ ಹಿಡಿಸಿ ಕೊಡ್ತೇನ್ರಿ" ಎಂದ ಅಂಗಡಿಯವನಿಗೆ ಎರಡು ಸಲ ಥ್ಯಾಂಕ್ಸ್ ಹೇಳಿ ಬಂದೆ.

ಗೌಂಡಿ ಮೈಬೂಬಸಾಬರು ತಾಳಿಕೋಟೆಯವರು. ಕೂದಲೆಳೆ ತಪ್ಪದ ಕೆಲಸ. ಕಾಗದದ ಮೇಲೆ ಸ್ಕೇಲು ಇಟ್ಟರು, ಐವತ್ತರಿಂದ ಗುಣಿಸಿದರು, ಹಿತ್ತಲಲ್ಲಿ ದಾರ ಹಿಡಿದು ಸುಣ್ಣದ ಗೆರೆ ಎಳೆದರು. ಮರುದಿನ ಪಾಯ ಅಗೆಯಲು ಆಳುಗಳು ಬರುವುದಿತ್ತು.

ಆಗ ನಮ್ಮ ಅತ್ತೆ ರೊಟ್ಟಿಯ ಹಿಟ್ಟು ನಾದುವ ಪರಾತ ಹಿಡಿದು ಹೊರಬಂದರು. ಗೆರೆಯೊಳಗೆ ಹೋಗಿ, ಕಾಲು ಮಡಚಿ ನೆಲಕ್ಕೇ ಕುಳಿತರು. ಮುಂದೆ ಕೈ ಚಾಚಿದರು, ಹಿಂದೆ ಚಾಚಿದರು.

"ಮೈಬೂಬಾ, ಒಲಿ ಎಲ್ಲಿ?"

"ನಿಮ್ಮ ಬಲಕ್ಕ, ಅವ್ವಾರ."

"ಹಂಗಾದ್ರ ನಮ್ಮ ಸೊಸಿ ಎಲ್ಲಿ ಕುಂಡ್ರಬೇಕು? ನನ್ನ ತೊಡಿ ಮ್ಯಾಲೇನು?"

"ಅತ್ತೀ, ಬರೀ ಗೆರಿ ನೋಡಿದ್ರ ಯಾವಾಗಲೂ ಸಣ್ಣ ಕಾಣ್ತೈತಿ. ಗ್ವಾಡಿ ಎದ್ದ ಮ್ಯಾಲ ಸರಿಯಾಗ್ತೈತ್ರಿ" ಎಂದು ನಾನು ನಡುವೆ ಬಾಯಿ ಹಾಕಿದೆ. ಹದಿನೈದು ದಿನದ ವಿದ್ಯೆ ಮಾತಾಡಿಸುತ್ತಿತ್ತು.

"ಗ್ವಾಡಿ ಎದ್ದರ ಜಾಗಾ ಇನ್ನೂ ಕಡಿಮಿ ಆಗ್ತೈತಿ. ಟೇಪ್ ಹಿಡಿಯಪಾ ನೀನು."

ಮೈಬೂಬಸಾಬರು ಟೇಪು ಹಿಡಿದರು. "ಏಳು ಅಡಿ ಐತ್ರಿ."

"ಹತ್ತು ಇರಬೇಕಲ್ಲ?" ಎಂದೆ.

"ಹತ್ತು ಅಂತ ನನಗ ಯಾರು ಹೇಳ್ಯಾರ್ರಿ? ನಿಮ್ಮ ಕಾಗದ ಏಳು ಅಂತೈತಿ."

ತಕ್ಷಣ ಫೋನು ಹಚ್ಚಿದೆ. ಮದುವೆಮನೆಯ ವಾಲಗದ ನಡುವೆ ಶಿವಲೀಲಾ ಫೋನು ಎತ್ತಿದಳು. ಹಾಳೆ ಯಾವ ಸೈಜು ಎಂದು ಒಂದೇ ಪ್ರಶ್ನೆ ಕೇಳಿದಳು. ದೊಡ್ಡ ಹಾಳೆಯ ನಕಾಶೆ ಸಣ್ಣ ಹಾಳೆಯೊಳಗೆ ಕುಗ್ಗಿದೆ, ಕುಗ್ಗದೆ ಉಳಿದದ್ದು "ಒಂದಕ್ಕೆ ಐವತ್ತು" ಎಂಬ ನನ್ನ ಮಾತು ಮಾತ್ರ, ಎಂದು ಬಿಡಿಸಿ ಹೇಳಿದಳು. ನಾನು ಇರುವೆಗಳ ವಿಷಯ ಹೇಳಿದೆ.

"ಅವು ಇರುವಿ ಅಲ್ರೀ ಟೀಚರ್. ಕಂಪ್ಯೂಟರಿನ್ಯಾಗ ಮನಿ ಪೂರಾ ಅಳತಿಗೆ ಐತಿ, ಅಕ್ಷರ ಕಾಗದದ ಅಳತಿಗೆ ಅದಾವು. ಅಕ್ಷರಾನೂ ಐವತ್ತು ಪಟ್ಟು ಬೆಳಸಬೇಕ್ರಿ. ಅಳತಿ ಬರೀಲಾರದ ನಕಾಶಿ ಯಾರಿಗೂ ಕೊಡಬ್ಯಾಡ್ರಿ."

ಎಷ್ಟು ಸರಳ. ಬೈಸಿಕೊಂಡೆನೆಂಬ ಬೇಸರವೂ ನೆನಪಾಗದಷ್ಟು ಖುಷಿಯಾಯಿತು. ಓಡಿ ಹೋಗಿ ಅಕ್ಷರ ಬೆಳೆಸಿದೆ, ದೊಡ್ಡ ಹಾಳೆಯ ಅಂಗಡಿ ಹುಡುಕಿದೆ, ಹೊರಬೀಳುವ ಮುನ್ನ ಅಲ್ಲಿಯೇ ಸ್ಕೇಲು ಇಟ್ಟು ನೋಡಿದೆ. ಅರವತ್ತೊಂದು ಮಿಲಿಮೀಟರು, ಐವತ್ತರಿಂದ ಗುಣಿಸಿದರೆ ಹತ್ತು ಅಡಿ. ಹಾಳೆಗೆ ಮುತ್ತಿಡುವುದೊಂದು ಬಾಕಿ ಇತ್ತು. ಮೈಬೂಬಸಾಬರು ಹಳೆಯ ಸುಣ್ಣ ಗುಡಿಸಿ ಹೊಸ ಗೆರೆ ಎಳೆದರು. ಅತ್ತೆ ಮತ್ತೆ ಕುಳಿತರು, ಪಕ್ಕದಲ್ಲಿ ನನ್ನನ್ನೂ ಕೂಡಿಸಿದರು, ಎರಡೂ ಕೈ ಬೀಸಿದರು. "ಈಗ ಉಸರಾಡಾಕ ಬರ್ತೈತಿ" ಎಂದರು. ಮರುದಿನ ಪಾಯ ಬಿತ್ತು.

ಅಡುಗೆಮನೆ ಮುಗಿದ ಮೇಲೆ ಒಂದು ಮಧ್ಯಾಹ್ನ ಅತ್ತೆ ನನ್ನ ಕಂಪ್ಯೂಟರಿನ ಹತ್ತಿರ ಬಂದು ಕುಳಿತರು. ಮುದ್ದೇಬಿಹಾಳದಲ್ಲಿ ತಾವು ಮದುವೆಯಾಗಿ ಬಂದ ಮನೆಯ ಅಡುಗೆಮನೆಯನ್ನು ಇದರಲ್ಲಿ ತೆಗೆಯಲು ಬರುತ್ತದೆಯೇ ಎಂದು ಕೇಳಿದರು. ಆ ಮನೆ ಬಿದ್ದು ಎಷ್ಟೋ ಕಾಲವಾಗಿದೆ.

"ಅಳತಿ ಹೇಳ್ರಿ."

"ಇಬ್ಬರು ಎದುರಾಬದರಾ ಗ್ವಾಡಿಗೆ ಬೆನ್ನು ಕೊಟ್ಟು ಕುಂತರ ಮೊಣಕಾಲು ತಾಗ್ತಿದ್ದವು."

ಕಂಪ್ಯೂಟರಿನ ಅಳತೆಗಳ ಪಟ್ಟಿಯಲ್ಲಿ ಇಂಚಿದೆ, ಮೀಟರಿದೆ, ಮೈಲಿಯೂ ಇದೆ, ಇದು ಇರಲಿಲ್ಲ. ಇಬ್ಬರೂ ನೆಲದ ಮೇಲೆ ಮೊಣಕಾಲು ತಾಗಿಸಿ ಕುಳಿತೆವು. ನನ್ನ ಬೆನ್ನ ಹಿಂದೆ ಸೀಮೆಸುಣ್ಣದ ಗೆರೆ ಎಳೆದು, ಅತ್ತೆ ಒರಗಿದ ಗೋಡೆಯಿಂದ ಅಲ್ಲಿಯವರೆಗೆ ಟೇಪು ಹಿಡಿದೆ. ನಾಲ್ಕು ಅಡಿ ಎಂಟು ಇಂಚು.

"ಸುಳ್ಳು. ಅದರಾಗ ನಾವು ನಾಕು ಮಂದಿ ನೆಗೆಣ್ಯಾರು ಅಡಗಿ ಮಾಡ್ತಿದ್ವಿ. ಇನ್ನೊಮ್ಮಿ ಹಿಡಿ."

ಇನ್ನೊಮ್ಮೆ ಹಿಡಿದೆ. ಅಷ್ಟೇ ಬಂತು. ಸಾವಿರದ ನಾನೂರ ಇಪ್ಪತ್ತೆರಡು ಎಂದು ಒತ್ತಿದೆ. ಪರದೆಯ ನಡುವೆ ಪುಟ್ಟ ಚೌಕ ಮೂಡಿತು. ಅತ್ತೆ ಅದನ್ನೇ ದಿಟ್ಟಿಸಿ ನೋಡಿದರು, ಒಪ್ಪಲಿಲ್ಲ. ನಾನು ಮೌಸಿನ ಗಾಲಿಯನ್ನು ಮೆಲ್ಲಗೆ ತಿರುಗಿಸಿದೆ. ಚೌಕ ಬೆಳೆಯುತ್ತ ಬೆಳೆಯುತ್ತ ಪರದೆಯನ್ನೆಲ್ಲ ತುಂಬಿತು.

"ಹಾಂ, ಇಷ್ಟಿತ್ತು ನೋಡು" ಎಂದರು ಅತ್ತೆ.

ಅಳತೆ ಒಂದು ಕೂದಲೆಳೆಯಷ್ಟೂ ಬದಲಾಗಿಲ್ಲವೆಂದು ನಾನು ಅವರಿಗೆ ಹೇಳಲಿಲ್ಲ.