ಉಡಿಯೊಳಗಿನ ಚೀಟಿ

ನನ್ನ ಸೊಸೆಗೆ ಬಂದ ಒಂದು ಚೀಟಿಯನ್ನು ನಾನು ಮೂವತ್ತೇಳು ದಿನ ಬಚ್ಚಿಟ್ಟೆ. ಯಾರೂ ನನ್ನನ್ನು ಹಾಗೆ ಮಾಡೆಂದು ಒತ್ತಾಯಿಸಿರಲಿಲ್ಲ. ನಾನೇ ಮಾಡಿದ್ದು.

ತಿಕೋಟಾದಲ್ಲಿ ನಮ್ಮ ಮನೆಯ ಮುಂಭಾಗದಲ್ಲೇ ಹಿಟ್ಟಿನ ಗಿರಣಿ. ಮೆಟ್ರಿಕ್ ಮುಗಿಸಿ ಅದರ ಮುಂದೆ ಕೂತವನಿಗೆ ಈಗ ಎಪ್ಪತ್ತೆರಡು. ಹೆಂಡತಿ ತೀರಿಕೊಂಡು ಬಹಳ ವರ್ಷಗಳಾದವು. ಮಗ ದ್ರಾಕ್ಷಿ ಸಾಗಿಸುವ ಗಾಡಿ ಓಡಿಸುತ್ತಾನೆ. ಹಂಗಾಮಿನಲ್ಲಿ ವಾರಕ್ಕೊಮ್ಮೆ ಮನೆಗೆ ಬಂದರೆ ಹೆಚ್ಚು. ಉಳಿದವರು ನಾನು, ಸೊಸೆ, ಮತ್ತು ಬಿ.ಎಡ್. ಓದಲು ದಿನಾ ಬಸ್ಸಿನಲ್ಲಿ ವಿಜಯಪುರಕ್ಕೆ ಹೋಗಿಬರುವ ಮೊಮ್ಮಗಳು.

ವಿಜಯಪುರದ ಮಹಿಳಾ ಕಲ್ಯಾಣ ಸಂಘವೊಂದು ನಮ್ಮೂರಲ್ಲಿ ಕೆಲಸ ಶುರುಮಾಡಿ ಎರಡು ವರ್ಷವಾಗಿತ್ತು. ಸಮುದಾಯ ಭವನದಲ್ಲಿ ಮುಂಜಾನೆ ಯೋಗ ಹೇಳಿಕೊಡುತ್ತಿದ್ದರು, ಆಗಾಗ ರಕ್ತ ಪರೀಕ್ಷೆ ಮಾಡಿಸುತ್ತಿದ್ದರು. ತಿಂಗಳಿಗೊಮ್ಮೆ ಹೆಂಗಸರೇ ಸುತ್ತಲೂ ಕೂತು ಮನಸ್ಸಿನ ಮಾತು ಆಡಿಕೊಳ್ಳುತ್ತಿದ್ದರು. ಯೋಗ ಮುಗಿಸಿ ಜೋಳದ ಡಬ್ಬಿ ಹಿಡಿದು ಗಿರಣಿಗೆ ಬರುವ ಹೆಂಗಸರಿಗೆ ನಾನು ತಮಾಷೆ ಮಾಡುತ್ತಿದ್ದೆ, ಕಾಲು ಮ್ಯಾಲ ಮಾಡಿದರ ರೊಟ್ಟಿ ತಾನಾಗೇ ಬಡೀತಾವೇನು ಅಂತ. ಒಬ್ಬಾಕೆ ತಿರುಗಿ, "ಯಜ್ಜಾ, ನಿನ್ನ ಹೊಟ್ಟಿ ನೋಡಿದರ ಮೊದಲು ನಿನ್ನನ್ನ ಮಲಗಸಬೇಕು ಚಾಪಿ ಮ್ಯಾಲ," ಅಂದಿದ್ದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಆ ನಗುವ ಬಾಯಿಗಳಿಗೆ ನಾನು ಒಳಗೊಳಗೇ ಹೆದರುತ್ತಿದ್ದೆ. ಗಿರಣಿಯಲ್ಲಿ ಕೂತವನಿಗೆ ಗೊತ್ತು, ಊರಿನ ಯಾವ ಮನೆಯ ಯಾವ ಸುದ್ದಿ ಎಷ್ಟು ಬೇಗ ಹಬ್ಬುತ್ತದೆಂದು.

ಆ ವರ್ಷ ಸಂಘದವರು ಹೆಂಗಸರ ಎದೆಯ ತಪಾಸಣೆಯ ಶಿಬಿರ ಇಟ್ಟರು. ಹಿಂದೆ ಬೇರೊಂದು ಊರಲ್ಲಿ, ಮುಂದಿನ ಪರೀಕ್ಷೆಗೆ ಬರಬೇಕಾದವರ ಹೆಸರನ್ನು ಮೈಕಿನಲ್ಲಿ ಕೂಗಿದ್ದರಂತೆ. ನಾಚಿಕೆಯಿಂದ ಅವರಲ್ಲಿ ಬಹಳ ಮಂದಿ ಆಸ್ಪತ್ರೆಗೆ ಬರಲೇ ಇಲ್ಲ. ಅದಕ್ಕೆ ಇಲ್ಲಿ ಬೇರೆ ದಾರಿ ಹಿಡಿದರು. ಶಿಬಿರಕ್ಕೆ ಬಂದ ಪ್ರತಿಯೊಬ್ಬಳಿಗೂ ಉಡಿ ತುಂಬಿದರು: ಕುಪ್ಪಸದ ಬಟ್ಟೆ, ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅಡಿಕೆ. ಯಾರಿಗೆ ಮತ್ತೆ ಪರೀಕ್ಷೆ ಬೇಕೋ ಅವರ ಕುಪ್ಪಸದ ಮಡಿಕೆಯಲ್ಲಿ ಮಾತ್ರ ಒಂದು ಚೀಟಿ. ಮನೆಗೆ ಹೋಗಿ ಬಿಚ್ಚಿ ನೋಡಿ, ಚೀಟಿ ಇದ್ದರೆ ಬನ್ನಿ, ಇಲ್ಲದಿದ್ದರೆ ಚಿಂತೆ ಬೇಡ ಎಂದು ಹೇಳಿ ಕಳಿಸಿದರು. ಮುತ್ತೈದೆಯ ಉಡಿಯನ್ನು ಗಂಡಸರು ಮುಟ್ಟಿ ಬಿಚ್ಚುವುದಿಲ್ಲ. ಸಂಘದವರು ನಂಬಿದ್ದು ಅದನ್ನೇ.

ಸೊಸೆ ಅಂದು ಉಡಿಯನ್ನು ದೇವರ ಜಗಲಿಯ ಮೇಲಿಟ್ಟಳು. ಮರುದಿನ ತಲೆಗೆ ಎರೆದುಕೊಂಡು ಬಿಚ್ಚುವುದು ನಮ್ಮ ಮನೆಯ ರೂಢಿ. ಅವಳು ಬಚ್ಚಲಿಗೆ ಹೋದಾಗ ನಾನು ಪೂಜೆಗೆ ಕೂತಿದ್ದೆ. ಜಗಲಿ ಒರೆಸಲು ಗಂಟು ಸರಿಸಿದಾಗ ಮಡಿಕೆ ಜಾರಿ ಚೀಟಿಯ ತುದಿ ಕಂಡಿತು. ಅಲ್ಲಿಗೇ ಬಿಡಬಹುದಿತ್ತು. ಎಳೆದು ಓದಿದೆ. ಬಲ ಎದೆಯಲ್ಲಿ ಗಂಟು ಇದೆ, ಎಂಟು ದಿನದೊಳಗೆ ವಿಜಯಪುರದ ಆಸ್ಪತ್ರೆಗೆ ಬರಬೇಕು, ಇದು ಕ್ಯಾನ್ಸರೇ ಅಂತಲ್ಲ, ಆದರೆ ತಡ ಮಾಡಬಾರದು ಎಂದು ಬರೆದಿತ್ತು.

ಬಚ್ಚಲಲ್ಲಿ ನೀರು ಸುರಿಯುವ ಸದ್ದು ಕೇಳುತ್ತಿತ್ತು. ಬಬಲೇಶ್ವರದಿಂದ ಮೊಮ್ಮಗಳನ್ನು ನೋಡಲು ಗಂಡಿನ ಕಡೆಯವರು ಬರಲು ಹನ್ನೆರಡು ದಿನ ಉಳಿದಿತ್ತು. ಆ ಸಂಬಂಧ ಹುಡುಕಿದವನು ನಾನು. ತಾಯಿಗೆ ಬಂದದ್ದು ಮಗಳಿಗೂ ಬರುತ್ತದೆ ಎಂದು ಜನ ಗಿರಣಿಯಲ್ಲಿ ಕೂತು ಆಡಿದ್ದನ್ನು ಕೇಳಿದ್ದೆ. ಚೀಟಿಯಲ್ಲಿದ್ದ "ಕ್ಯಾನ್ಸರೇ ಅಂತಲ್ಲ" ಎಂಬ ಮಾತನ್ನು ಹಿಡಿದುಕೊಂಡೆ, "ತಡ ಮಾಡಬಾರದು" ಎಂಬುದನ್ನು ಬಿಟ್ಟೆ. ಹನ್ನೆರಡು ದಿನಕ್ಕೆ ಏನಾಗುತ್ತದೆ ಎಂದುಕೊಂಡು ಬಟ್ಟೆಯನ್ನು ಮೊದಲಿನಂತೆ ಮಡಿಸಿದೆ. ಚೀಟಿಯನ್ನು ಗಿರಣಿಯ ಕಪಾಟಿನಲ್ಲಿ ಹಾಸಿದ್ದ ಹಾಳೆಯ ಕೆಳಗೆ ತಳ್ಳಿದೆ.

ಅವಳು ಬಂದು ಉಡಿ ಬಿಚ್ಚಿದಳು. ಕುಪ್ಪಸದ ಬಟ್ಟೆಯನ್ನು ಎರಡು ಸಲ ಕೊಡವಿ ನೋಡಿದಳು. ಆಮೇಲೆ ಅಲ್ಲೇ ಕೂತು ಸ್ವಲ್ಪ ಹೊತ್ತು ಏಳಲಿಲ್ಲ. ಮುಟ್ಟಿ ನೋಡಿದ ಡಾಕ್ಟರಮ್ಮನ ಕೈ ಒಂದು ಕಡೆ ತುಸು ಹೆಚ್ಚು ಹೊತ್ತು ನಿಂತಿತ್ತಂತೆ, ಅದಕ್ಕೆ ರಾತ್ರಿ ನಿದ್ದೆ ಬಂದಿರಲಿಲ್ಲವಂತೆ. ಉಡಿಯ ಅಕ್ಕಿಯಿಂದಲೇ ಪಾಯಸ ಮಾಡಿ ಮೊದಲು ನನಗೆ ಬಡಿಸಿದಳು. "ನಂದೇನೂ ಇಲ್ಲಂತ್ರಿ ಮಾವಾರ," ಅಂದಳು. ನಾನು ಬಟ್ಟಲು ಖಾಲಿ ಮಾಡಿದೆ.

ಶಿಬಿರದಲ್ಲಿ ಬರೆಸಿದ ಫೋನ್ ನಂಬರೂ ನನ್ನದೇ ಆಗಿತ್ತು. ನಮ್ಮ ಕಡೆಯ ಹೆಂಗಸರು ನಂಬರ್ ಕೇಳಿದರೆ ಮನೆಯ ಗಂಡಸಿನದನ್ನೇ ಬರೆಸುತ್ತಾರೆ. ಎಂಟನೆಯ ದಿನ ಅಂಗಿಯ ಕಿಸೆಯಲ್ಲಿ ಫೋನು ಬಡಿದುಕೊಂಡಿತು, ಸಂಘದವರದು. ಕಾಳು ಬೀಸುತ್ತಿದ್ದೇನೆ, ಆಮೇಲೆ ಹೇಳುತ್ತೇನೆ ಎಂದು ಇಟ್ಟುಬಿಟ್ಟೆ. ಮತ್ತೆ ಎರಡು ಸಲ ಬಂತು, ಎತ್ತಲಿಲ್ಲ. ಅಷ್ಟರಲ್ಲಿ ಸೊಸೆಗೆ, ಬೀಗರು ಬಂದು ಹೋಗುವವರೆಗೆ ಯೋಗಕ್ಕೆ ಹೋಗಬೇಡ, ಮನೆಗೆ ಸುಣ್ಣ ಹಚ್ಚುವುದಿದೆ ಎಂದು ಹೇಳಿದ್ದೆ. ಅವಳು ಮರುದಿನವೇ ಸುಣ್ಣ ಕಲಸಿದಳು.

ಹತ್ತನೆಯ ದಿನ ಮಧ್ಯಾಹ್ನ ಸಂಘದ ಇಬ್ಬರು ಗಿರಣಿಗೇ ಬಂದರು. ಒಬ್ಬಾಕೆ ನಗರದಿಂದ ಬರುವ ಹಿರಿಯಕ್ಕ, ಮೊದಲು ನರ್ಸ್ ಆಗಿದ್ದವರು. ಜೊತೆಗೆ ಇನ್ನೊಬ್ಬ ಹೆಂಗಸು ಕುಂಕುಮದ ಭರಣಿ ಹಿಡಿದಿದ್ದಳು. ಗಿರಣಿ ಗರಗರ ತಿರುಗುತ್ತಿತ್ತು. ನಿಮ್ಮ ಸೊಸೆಗೆ ಕುಂಕುಮ ಕೊಡಬೇಕಿತ್ತು ಎಂದು ಹಿರಿಯಕ್ಕ ಜೋರಾಗಿ ಹೇಳಿದರು. ಆಕೆ ತವರಿಗೆ, ಕಾಖಂಡಕಿಗೆ ಹೋಗಿದ್ದಾಳೆ ಎಂದೆ.

ಅಷ್ಟರಲ್ಲಿ ಕರೆಂಟು ಹೋಯಿತು. ಗಿರಣಿ ನಿಧಾನವಾಗಿ ನಿಂತಿತು. ಆ ಸ್ತಬ್ಧತೆಯಲ್ಲಿ ಒಳಗಿನಿಂದ ರೊಟ್ಟಿ ಬಡಿಯುವ ಸಪ್ಪಳ ಕೇಳಿಸಿತು. ಪಟಪಟ, ಪಟಪಟ.

ಹಿರಿಯಕ್ಕ ಬಾಗಿಲ ಕಡೆ ನೋಡಿದರು, ಆಮೇಲೆ ನನ್ನನ್ನು.

"ಒಳಗ ಯಾರದಾರ್ರಿ?"

"ಮೊಮ್ಮಗಳು."

"ಕಾಲೇಜಿಗೆ ಹೋಗಿಲ್ಲೇನ್ರಿ?"

"ಇವತ್ತ ಹೋಗಿಲ್ಲ."

ರೊಟ್ಟಿಯ ಸಪ್ಪಳ ನಿಂತಿತು. ಸೊಸೆ ಎದ್ದು ಹೊರಗೆ ಬಂದರೆ ಎಲ್ಲ ಮುಗಿಯುತ್ತಿತ್ತು. ಬರಲಿ ಎಂದು ಒಂದು ಮನಸ್ಸು ಬೇಡಿಕೊಂಡಿದ್ದು ನಿಜ. ಅದರ ಮೇಲೆ ಇನ್ನೊಂದು ಮನಸ್ಸು ಕಾಲಿಟ್ಟು ನಿಂತಿತ್ತು. ಸಪ್ಪಳ ಮತ್ತೆ ಶುರುವಾಯಿತು.

ನಾಳೆ ನಾವು ಬಬಲೇಶ್ವರದ ಕಡೆಗೇ ಹೋಗುತ್ತೇವೆ, ಕಾಖಂಡಕಿಗೆ ಹೋಗಿ ಅಲ್ಲೇ ಭೆಟ್ಟಿಯಾಗುತ್ತೇವೆ, ಯಾರ ಮನೆ ಹೇಳಿ ಎಂದು ಹಿರಿಯಕ್ಕ ಕೇಳಿದರು. ನಾನು ಗಾಬರಿಯಾದೆ. ಬ್ಯಾಡ್ರಿ, ವಿಷಯ ನನಗೂ ಗೊತ್ತದ, ನಾನ ಆಕಿನ್ನ ಕರ್ಕೊಂಡು ಬರ್ತೀನಿ ಎಂದು ಮಾತು ಕೊಟ್ಟೆ. ಬಿಳಿ ತಲೆಯವನ ಮಾತನ್ನು ಆಕೆ ನಂಬಿದರು. ಹೊರಡುವಾಗ ಕೈ ಮುಗಿದು, "ನಿಮ್ಮಂಥಾ ಮಾವ ಇದ್ದರ ನಮ್ಮ ಕೆಲಸ ಹಗುರಾಗತೈತಿ ನೋಡ್ರಿ," ಅಂದರು.

ಬೀಗರು ಬಂದರು, ಹುಡುಗಿಯನ್ನು ಮೆಚ್ಚಿದರು, ನಿಶ್ಚಯಕ್ಕೆ ಒಂದು ತಿಂಗಳು ಬಿಟ್ಟು ದಿನ ಗೊತ್ತುಮಾಡಿದರು. ಹನ್ನೆರಡು ದಿನದ ನನ್ನ ಲೆಕ್ಕ ಅಲ್ಲಿಗೆ ಮುಗಿಯಬೇಕಿತ್ತು. ನಿಶ್ಚಯವಾಗಿಬಿಡಲಿ ಎಂದು ಮತ್ತೆ ಮುಂದಕ್ಕೆ ಹಾಕಿದೆ. ನಿಶ್ಚಯದ ತಯಾರಿಯ ನೆಪ ಹೇಳಿ ಸೊಸೆಯನ್ನು ಯೋಗಕ್ಕೂ ಬಿಡಲಿಲ್ಲ. ಸಂಘದಿಂದ ಫೋನು ಬಂದರೆ, ಆಕೆಯನ್ನು ಬೇರೆ ಆಸ್ಪತ್ರೆಗೆ ತೋರಿಸಿದ್ದೇವೆ ಎಂದೆ. ಸುಳ್ಳು ಹೇಳುವುದು ದಿನ ಕಳೆದಂತೆ ಸುಲಭವಾಗುತ್ತಿತ್ತು. ಊಟ ಮಾತ್ರ ಕಷ್ಟವಾಗುತ್ತಿತ್ತು. ಸೊಸೆ ಕೊಡ ಎತ್ತುವಾಗ, ಬಟ್ಟೆ ಒಗೆದು ಹಿಂಡುವಾಗ ನನ್ನ ಕಣ್ಣು ಅವಳ ಬಲಗೈಯ ಮೇಲೇ ಇರುತ್ತಿತ್ತು. ನೋವಿಂದ ಮುಖ ಕಿವುಚಿದಳೇ, ಇಲ್ಲ ನನಗೆ ಹಾಗೆ ಕಂಡಿತೇ ಎಂದು ಗೊತ್ತಾಗುತ್ತಿರಲಿಲ್ಲ.

ಕೊನೆಗೆ ಮೂವತ್ತೇಳನೆಯ ದಿನ ಅವಳು ಯೋಗಕ್ಕೆ ಹೊರಟಳು. ತಡೆಯಲು ನನ್ನ ಬಳಿ ನೆಪ ಉಳಿದಿರಲಿಲ್ಲ. ಅಂದು ಹಿರಿಯಕ್ಕನೂ ನಗರದಿಂದ ಬಂದಿದ್ದರು. ಅವಳನ್ನು ಒಂದು ಕಡೆ ಕರೆದು, ಬೇರೆ ಆಸ್ಪತ್ರೆಯವರು ಏನಂದರು ಎಂದು ಕೇಳಿದರಂತೆ.

ಅವಳು ತಿರುಗಿ ಬಂದಾಗ ಗಿರಣಿಯಲ್ಲಿ ಮೂವರು ಹೆಂಗಸರಿದ್ದರು. ಅವರ ಹಿಟ್ಟು ಬೀಸಿ ಮುಗಿಯುವ ತನಕ ಬಾಗಿಲಲ್ಲೇ ನಿಂತಳು. ಅವರ ಎದುರು ನನ್ನ ಮಾನ ಕಳೆಯಲಿಲ್ಲ. ಅವರು ಹೋದ ಮೇಲೆ ಕೈ ಚಾಚಿದಳು. ನಾನು ಕಪಾಟಿನ ಹಾಳೆ ಎತ್ತಿ ಚೀಟಿ ಕೊಟ್ಟೆ. ಏಳನೆಯ ಇಯತ್ತೆ ಓದಿದ ಅವಳು ಅದನ್ನು ಅಕ್ಷರ ಅಕ್ಷರ ಕೂಡಿಸಿ ಪೂರ್ತಿ ಓದಿದಳು.

"ಅವತ್ತ ಪಾಯಸ ನಿಮಗ ಮೊದಲ ಬಡಿಸಿದ್ನಿ. ಹೆಂಗ ಇಳೀತ್ರಿ ಮಾವಾರ ಗಂಟಲದಾಗ?"

ಮೊಮ್ಮಗಳ ಸಂಬಂಧದ ಮಾತು ಎತ್ತಿದೆ. ಅವಳ ಸಲುವಾಗಿ ಎಂದೆ.

"ಆಕಿ ನನ್ನ ಹೊಟ್ಯಾಗ ಹುಟ್ಟ್ಯಾಳ್ರಿ. ಆಕಿ ಸಲುವಾಗಿ ಸಾಯೂದಿದ್ದರ ನಾನ ಸಾಯ್ತಿದ್ನಿ. ನನ್ನ ಒಂದು ಮಾತು ಕೇಳಬೇಕಿತ್ತು."

ಅಷ್ಟೇ. ಮರುದಿನ ಹಿರಿಯಕ್ಕನ ಜೊತೆ ಆಸ್ಪತ್ರೆಗೆ ಹೋದಳು. ಗಂಟು ಒಳ್ಳೆಯದಾಗಿರಲಿಲ್ಲ, ಕಂಕುಳಿಗೂ ಹಬ್ಬಿತ್ತು. ಬಲ ಎದೆಯನ್ನು ತೆಗೆದರು. ಆಮೇಲೆ ತಿಂಗಳುಗಟ್ಟಲೆ ಔಷಧ ಏರಿಸಿದರು. ಮಗ ಗಾಡಿ ಬಿಟ್ಟು ಬಂದು ಅವಳ ಹತ್ತಿರ ಕೂತ. ನನ್ನ ಜೊತೆ ಅವನು ಮಾತು ಬಿಟ್ಟದ್ದು ತಪ್ಪಲ್ಲ. ಬಬಲೇಶ್ವರಕ್ಕೆ ಅವನೇ ಫೋನು ಮಾಡಿ ಎಲ್ಲ ಹೇಳಿದ. ಅವರು ಸಂಬಂಧ ಮುರಿಯಲಿಲ್ಲ. ಬೀಗಿತಿ ಆಸ್ಪತ್ರೆಗೆ ಬಂದು ಸೊಸೆಯ ತಲೆ ಸವರಿ, ಮದುವೆ ನೀವು ಎದ್ದು ಓಡಾಡಿದ ಮೇಲೆ ಎಂದು ಹೇಳಿ ಹೋದರು. ಮುರಿದಿದ್ದರೆ ನನ್ನ ಭಯಕ್ಕೆ ಒಂದು ಆಧಾರವಾದರೂ ಇರುತ್ತಿತ್ತು.

ಒಂದು ದಿನ ನಾನೊಬ್ಬನೇ ಡಾಕ್ಟರ ಬಾಗಿಲಲ್ಲಿ ನಿಂತು ಕೇಳಿದೆ, ಆ ಮೂವತ್ತೇಳು ದಿನ ಮೊದಲೇ ಬಂದಿದ್ದರೆ ಕಂಕುಳಿಗೆ ಹಬ್ಬುತ್ತಿರಲಿಲ್ಲವೇ ಎಂದು. ಅವರು ಕನ್ನಡಕ ತೆಗೆದು, "ಅದನ್ನ ಯಾರೂ ಹೇಳಾಕ ಬರೂದಿಲ್ರಿ ಅಜ್ಜಾರ. ಲಗೂ ಬಂದಿದ್ದರ ಚಲೋ ಆಗತಿತ್ತು," ಅಂದರು. ಹೌದೆಂದಿದ್ದರೆ ಶಿಕ್ಷೆ, ಇಲ್ಲವೆಂದಿದ್ದರೆ ಬಿಡುಗಡೆ. ನನಗೆ ಎರಡೂ ಸಿಗಲಿಲ್ಲ.

ಇದನ್ನು ಬರೆಯಲು ಹೇಳಿದವಳು ಅವಳೇ. ಯಾರ ಹೆಸರೂ ಹಾಕಬೇಡಿ, ಮಾಡಿದ್ದನ್ನು ಮಾತ್ರ ಬರೆಯಿರಿ, ಇನ್ನೊಬ್ಬ ಮಾವ ಓದಲಿ ಎಂದಳು. ಕ್ಷಮಿಸಿದ್ದೇನೆ ಎಂದು ಅವಳು ಹೇಳಿಲ್ಲ, ನಾನೂ ಕೇಳಿಲ್ಲ. ಸಂಘದವರು ಈಗ ಚೀಟಿಯನ್ನು ಹೆಂಗಸಿನ ಕೈಯಲ್ಲೇ ಕೊಟ್ಟು, ಓದಿ ಹೇಳಿ ಕಳಿಸುತ್ತಾರೆ.

ಅವರ ಕಡೆಯ ಒಬ್ಬ ಹುಡುಗಿ ವಾರಕ್ಕೆರಡು ಸಲ ಮನೆಗೆ ಬಂದು ಸೊಸೆಗೆ ಕೈಯ ವ್ಯಾಯಾಮ ಮಾಡಿಸುತ್ತಾಳೆ. ಗೋಡೆಗೆ ಮುಖ ಮಾಡಿ ನಿಂತು, ಬಲಗೈಯ ಬೆರಳುಗಳನ್ನು ಇರುವೆಯಂತೆ ಮೇಲಕ್ಕೆ ಹತ್ತಿಸಬೇಕು. ಎಲ್ಲಿಯವರೆಗೆ ಹತ್ತುತ್ತವೋ ಅಲ್ಲಿ ಸೀಮೆಸುಣ್ಣದ ಗೆರೆ. ಮೊದಲು ಗೆರೆ ಅವಳ ಸೊಂಟದ ಹತ್ತಿರವಿತ್ತು, ಆಮೇಲೆ ಭುಜದ ಮಟ್ಟಕ್ಕೆ ಬಂತು. ಹೋದ ತಿಂಗಳು ಕಿವಿಯ ಮೇಲಕ್ಕೆ ಹೋಯಿತು. ಕಳೆದ ಎರಡು ವಾರದಿಂದ ಅಲ್ಲೇ ನಿಂತಿದೆ. ಕೈ ಬಾತುಕೊಂಡಿದೆ, ಬರುವ ಸೋಮವಾರ ತೋರಿಸಲು ಹೋಗುವವಳಿದ್ದಾಳೆ ಎಂದು ಮೊಮ್ಮಗಳು ಬೇರೆ ಯಾರಿಗೋ ಹೇಳುತ್ತಿದ್ದುದು ನನ್ನ ಕಿವಿಗೆ ಬಿತ್ತು. ನನಗೆ ಯಾರೂ ಹೇಳಿಲ್ಲ. ಗೋಡೆಯ ಆಚೆ ಅವಳು ಉಸಿರು ಬಿಗಿಹಿಡಿದು ಬೆರಳು ಹತ್ತಿಸುತ್ತಿರುವಾಗ ನಾನು ಗಿರಣಿ ನಿಲ್ಲಿಸಿ, ಇವತ್ತಾದರೂ ಒಂದು ಬೆರಳು ಮೇಲಕ್ಕೆ ಹೋಯಿತೇ ಎಂದು ಕೇಳದೆ ಕೂತಿರುತ್ತೇನೆ.